‘ನಾನು ಎಂಥವಳು’ ಎಂದು ಬರೆಯಲು ಕೂತರೆ ಪೆನ್ನು ಯಾಕೆ ನಿಲ್ಲುತ್ತದೆ?

ಪ್ರಶ್ನೆ:

ನಮಸ್ಕಾರ ಮೇಡಂ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ, ಹಾಸ್ಟೆಲ್‌ನಲ್ಲಿರುತ್ತೇನೆ. ಊರು ಗದಗ ಜಿಲ್ಲೆ ರೋಣ ತಾಲ್ಲೂಕಿನ ಒಂದು ಹಳ್ಳಿ. ಹತ್ತನೆಯವರೆಗೆ ಊರಲ್ಲೇ ಕನ್ನಡ ಮಾಧ್ಯಮ, ಪಿಯುಸಿಯಿಂದ ಇಂಗ್ಲಿಷ್. ಈಗ ಒಂದು ಫೆಲೋಶಿಪ್‌ಗೆ ಅರ್ಜಿ ಹಾಕಬೇಕಾಗಿದೆ. ಅದರಲ್ಲಿ ‘ನಿಮ್ಮ ಸ್ವಭಾವ, ನೀವು ನಂಬಿರುವ ವಿಚಾರ, ಮುಂದಿನ ಬದುಕಿನ ಕನಸು ಇವುಗಳ ಬಗ್ಗೆ 500 ಪದಗಳಲ್ಲಿ ಬರೆಯಿರಿ’ ಎಂದು ಕೇಳಿದ್ದಾರೆ. ಐದು ಸಲ ಬರೆದು ಹರಿದುಹಾಕಿದೆ. ಏನು ಬರೆದರೂ ಸುಳ್ಳು ಅನಿಸುತ್ತದೆ.

ಊರಲ್ಲಿ ಎಲ್ಲರೂ ನನಗೆ ‘ಗುಮ್ಮನಗುಸುಕಿ’ ಅನ್ನುತ್ತಾರೆ. ಕ್ಲಾಸಿನಲ್ಲೂ ಬಾಯಿ ಬಿಡುವುದಿಲ್ಲ. ಆದರೆ ರೂಮಿನಲ್ಲಿ ರಾತ್ರಿ ಒಂದರವರೆಗೆ ನನ್ನದೇ ಮಾತು. ಮೊಬೈಲ್‌ನಲ್ಲಿ ವ್ಯಕ್ತಿತ್ವ ಪರೀಕ್ಷೆ ಮಾಡಿಕೊಂಡರೆ ಮೊದಲು ‘ಐಎನ್ಎಫ್‌ಜೆ’ ಬಂತು, ತಿಂಗಳು ಬಿಟ್ಟು ಮಾಡಿದರೆ ‘ಇಎನ್ಎಫ್‌ಪಿ’. ಯಾವುದು ಖರೆ?

ನಂಬಿಕೆಯದ್ದು ಇನ್ನೂ ಗೊಂದಲ. ಊರಿಗೆ ಹೋದಾಗ ಅವ್ವನ ಜೊತೆ ಸೋಮವಾರ ಒಪ್ಪತ್ತು ಮಾಡುತ್ತೇನೆ, ಗುಡಿಗೆ ಹೋಗುತ್ತೇನೆ. ಆದರೆ ದೇವರಿದ್ದಾನೆಯೇ ಅಂತ ನನಗೆ ಗೊತ್ತಿಲ್ಲ. ಹಾಸ್ಟೆಲ್‌ನಲ್ಲಿ ಜಾತಿ ನಂಬುವುದಿಲ್ಲ ಅನ್ನುತ್ತೇನೆ, ಗೆಳತಿಯರೆಲ್ಲ ಒಂದೇ ತಾಟಿನಲ್ಲಿ ಉಣ್ಣುತ್ತೇವೆ. ಆದರೆ ಹೋದ ತಿಂಗಳು ಹೆಸರುಕಾಯಿ ಬಿಡಿಸಲು ಬಂದ ಹೆಣ್ಣಾಳಿಗೆ ನಮ್ಮ ಅಜ್ಜಿ ಹಿತ್ತಲಲ್ಲಿಟ್ಟ ಬೇರೆ ಲೋಟದಲ್ಲಿ ಚಹಾ ಹಾಕಿಕೊಟ್ಟಾಗ ನಾನು ಸುಮ್ಮನೆ ನಿಂತಿದ್ದೆ. ಹಂಗಾದರೆ ನಾನು ಢೋಂಗಿಯೇ?

ಅಪ್ಪನಿಗೆ ಕೆಎಎಸ್ ಮಾಡುತ್ತೇನೆ ಅಂದಿದ್ದೇನೆ, ಲೆಕ್ಚರರ್‌ಗೆ ಎಂ.ಎಸ್ಸಿ. ಅಂದಿದ್ದೇನೆ. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಟೈಮ್, ಆಮೇಲೆ ಮದುವೆ ಅಂತ ಮನೆಯಲ್ಲಿ ಹೇಳಿದ್ದಾರೆ. ನಿಜವಾಗಿ ನನಗೆ ಏನು ಬೇಕೋ ನನಗೇ ತಿಳಿಯದು. ನಮ್ಮೂರ ಹೈಸ್ಕೂಲಿನ ಲ್ಯಾಬ್ ಕಪಾಟಿಗೆ ಯಾವಾಗಲೂ ಕೀಲಿ. ರಜೆಗೆ ಹೋದಾಗ ತಮ್ಮನ ಗೆಳೆಯರಿಗೆ ದಾಸವಾಳದ ಹೂವಿನ ರಸದಲ್ಲಿ ಸುಣ್ಣ, ಲಿಂಬಿಹಣ್ಣು ಹಾಕಿ ಬಣ್ಣ ಬದಲಾಗುವುದನ್ನು ತೋರಿಸಿದ್ದೆ, ಅಷ್ಟೇ ನನಗೆ ಬರುವುದು. ಗೆಳತಿಯರಿಗೆಲ್ಲ ತಾವು ಯಾರು ಅಂತ ಗೊತ್ತಿದೆ. ನನಗೆ ಒಮ್ಮೊಮ್ಮೆ ಒಳಗೆ ಯಾರೂ ಇಲ್ಲ ಅನಿಸುತ್ತದೆ. ಇದು ಮಾನಸಿಕ ತೊಂದರೆಯೇ?

ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅರ್ಜಿಯವರು ಮೂರು ಪ್ರಶ್ನೆ ಕೇಳಿದ್ದಾರೆ, ನಿಮ್ಮನ್ನು ಕಾಡುತ್ತಿರುವುದು ಒಂದೇ: ಸ್ವಭಾವ, ನಂಬಿಕೆ, ಕನಸು ಎಲ್ಲವೂ ಜಾಗಕ್ಕೆ ತಕ್ಕ ಹಾಗೆ ಬದಲಾಗುತ್ತಿರುವಾಗ ‘ನಾನು’ ಅಂತ ಗಟ್ಟಿಯಾಗಿ ಹೇಳಿಕೊಳ್ಳಲು ಏನಾದರೂ ಇದೆಯೇ ಎಂಬುದು. ಧಾರವಾಡದಲ್ಲಿ ಇಪ್ಪತ್ತು ವರ್ಷದಿಂದ ವಿದ್ಯಾರ್ಥಿಗಳ ಜೊತೆ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಜೂನ್‌ನಲ್ಲಿ ಬರುವವರು ಹಾಸ್ಟೆಲ್ ಒಗ್ಗುತ್ತಿಲ್ಲ ಎಂದು ಬರುತ್ತಾರೆ. ಕೊನೆಯ ವರ್ಷದವರು ಬರುವುದು ಬಹುತೇಕ ನಿಮ್ಮ ಈ ಪ್ರಶ್ನೆ ಹೊತ್ತುಕೊಂಡೇ.

ನಿಮ್ಮ ಕಡೆಯ ಸಾಲನ್ನು ಮೊದಲು ತೆಗೆದುಕೊಳ್ಳುತ್ತೇನೆ, ಅದನ್ನು ಕೊನೆಗೆ ಬಿಡುವ ಹಾಗಿಲ್ಲ. ‘ಒಳಗೆ ಯಾರೂ ಇಲ್ಲ’ ಅನಿಸುವುದು ಅರ್ಜಿ ಮುಂದಿಟ್ಟುಕೊಂಡಾಗ ಬಂದು, ಗೆಳತಿಯರ ಜೊತೆ ಊಟಕ್ಕೆ ಕೂತಾಗ ಮರೆತುಹೋಗುತ್ತಿದ್ದರೆ ಅದು ಕಾಯಿಲೆಯ ಲಕ್ಷಣವಲ್ಲ. ಆದರೆ ಎರಡು ವಾರಕ್ಕೂ ಮೇಲ್ಪಟ್ಟು ದಿನದ ಬಹುಹೊತ್ತು ಮನಸ್ಸು ಭಾರವಾಗಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಕೆಲಸವೂ ಬೇಡವಾಗಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ನಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂಬ ಯೋಚನೆ ಸುಳಿಯುತ್ತಿದ್ದರೆ ಅರ್ಜಿಯನ್ನು ಪಕ್ಕಕ್ಕಿಟ್ಟು ಮೊದಲು ಯಾರಿಗಾದರೂ ಹೇಳಿ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನೀವು ಇರುವ ಊರಿನಲ್ಲೇ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಹೊರರೋಗಿ ವಿಭಾಗಕ್ಕೆ ನೇರವಾಗಿ ಹೋಗಬಹುದು. ಅಲ್ಲಿಗೆ ಹೋದರೆ ಹುಚ್ಚಿ ಅನ್ನುತ್ತಾರೆ ಎಂಬ ಹಳೆಯ ಅಂಜಿಕೆ ಈ ಭಾಗದಲ್ಲಿ ಇನ್ನೂ ಇದೆ. ಆ ಅಂಜಿಕೆಯಿಂದ ತಡಮಾಡಿದವರ ಕಷ್ಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ದಾಸವಾಳದ ಬಗ್ಗೆ, ಲೋಟದ ಬಗ್ಗೆ ನೀವು ಬರೆದ ರೀತಿ ನೋಡಿದರೆ ನಿಮ್ಮ ಮನಸ್ಸು ಎಚ್ಚರವಾಗಿಯೇ ಇದೆ ಅನಿಸುತ್ತದೆ. ಆದರೂ ಪತ್ರ ಓದಿ ತಪಾಸಣೆ ಮಾಡಿದ ಹಾಗಾಗುವುದಿಲ್ಲ, ಅದಕ್ಕೆ ಇಷ್ಟು ಹೇಳಿದೆ.

ಈಗ ಮೊಬೈಲ್ ಪರೀಕ್ಷೆಯ ವಿಚಾರ. ನೀವು ಹೇಳುವ ನಾಲ್ಕಕ್ಷರದ ಪದ್ಧತಿಯನ್ನು ಕಟ್ಟಿದವರು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಮುಂದಿಟ್ಟ ವಿಚಾರಗಳನ್ನು ಓದಿ, ಅದರ ಮೇಲೆ ತಮ್ಮ ವಿಂಗಡಣೆ ಬೆಳೆಸಿದರು. ತೊಂದರೆ ಇರುವುದು ನಡುವೆ ಗೆರೆ ಎಳೆದು, ಆಚೆ ಇದ್ದವರು ಬಹಿರ್ಮುಖಿ (‘ಇ’), ಈಚೆ ಇದ್ದವರು ಅಂತರ್ಮುಖಿ (‘ಐ’) ಎಂದು ಬೇರ್ಪಡಿಸುವುದರಲ್ಲಿ. ಮಾತುಗಾರಿಕೆ ಎತ್ತರದ ಹಾಗೆ. ಬಹಳ ಎತ್ತರದವರು ಕಡಿಮೆ, ಬಹಳ ಗಿಡ್ಡರೂ ಕಡಿಮೆ, ಹೆಚ್ಚಿನ ಜನ ನಡುವೆಯೇ ಇರುತ್ತಾರೆ. ನಡುವೆ ಇರುವವರಿಗೆ ಇವತ್ತು ನೂರಕ್ಕೆ 48, ಮುಂದಿನ ತಿಂಗಳು 52 ಬಂದರೆ ಅಕ್ಷರ ಬದಲಾಗಿಬಿಡುತ್ತದೆ, ಮನುಷ್ಯ ಬದಲಾಗಿರುವುದಿಲ್ಲ. ನಿಮಗೆ ಆಗಿರುವುದು ಬಹುಶಃ ಇದೇ.

ಹಾಗಿದ್ದರೆ ಫಲಿತಾಂಶ ಓದಿದಾಗ ‘ಅಯ್ಯೋ, ಇದು ನನ್ನದೇ’ ಅನಿಸುವುದು ಯಾಕೆ? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ವಾರದ ನಂತರ ಪ್ರತಿಯೊಬ್ಬರಿಗೂ ‘ಇದು ನಿನ್ನ ವ್ಯಕ್ತಿತ್ವ’ ಎಂದು ಒಂದೊಂದು ಹಾಳೆ ಹಂಚಿದರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಎಂದರೆ ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಹಾಳೆ, ಅದರ ಸಾಲುಗಳನ್ನು ಫೋರರ್ ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು. ಬುಡಬುಡಿಕೆಯವರು ಬಾಗಿಲಲ್ಲಿ ನಿಂತು ‘ನೀ ಎಲ್ಲಾರಿಗೂ ಮಾಡತಿ ತಾಯಿ, ನಿನಗ ಯಾರೂ ಮಾಡಂಗಿಲ್ಲ’ ಅಂದಾಗ ನಮ್ಮ ಅವ್ವಂದಿರ ಕಣ್ಣಲ್ಲಿ ನೀರು ಬರುವುದನ್ನು ನೀವೂ ನೋಡಿರುತ್ತೀರಿ. ಆ ಮಾತು ಸುಳ್ಳಲ್ಲ, ಎಲ್ಲರಿಗೂ ಒಪ್ಪುವಂಥದ್ದು, ಅದಕ್ಕೇ ಅದರಿಂದ ಒಬ್ಬರ ಗುರುತು ಸಿಗುವುದಿಲ್ಲ. ನೀವು ಹರಿದುಹಾಕಿದ ಐದು ಹಾಳೆಗಳಲ್ಲಿ ಏನಿತ್ತೆಂದು ನೀವು ಬರೆದಿಲ್ಲ. ನಾನು ಊಹಿಸಬಲ್ಲೆ: ಪ್ರಾಮಾಣಿಕಳು, ಪರಿಶ್ರಮಿ, ಸಮಾಜಕ್ಕೆ ಏನಾದರೂ ಮಾಡಬೇಕೆಂಬ ಹಂಬಲ ಇರುವವಳು. ಇಂಥ ನೂರಾರು ಹಾಳೆ ಓದಿದ್ದೇನೆ. ನಿಮಗೆ ಸುಳ್ಳು ಅನಿಸಿದ್ದು ಅವು ತಪ್ಪಾಗಿದ್ದವು ಎಂದಲ್ಲ, ಯಾರ ಹೆಸರು ಹಾಕಿದರೂ ನಡೆಯುತ್ತಿತ್ತು ಎಂದು.

ಸಂಶೋಧಕರು ಇವತ್ತು ಹೆಚ್ಚು ನಂಬುವುದು ಐದು ಗುಣಗಳ ಅಳತೆಯನ್ನು: ಹೊಸತಿಗೆ ತೆರೆದುಕೊಳ್ಳುವುದು, ಹಿಡಿದ ಕೆಲಸವನ್ನು ಶಿಸ್ತಿನಿಂದ ಮುಗಿಸುವುದು, ಜನರೊಂದಿಗೆ ಬೆರೆಯುವುದು, ಇನ್ನೊಬ್ಬರಿಗೆ ಹೊಂದಿಕೊಳ್ಳುವುದು, ಬೇಗ ಕಳವಳಪಡುವುದು. ಇಲ್ಲಿ ಗೆರೆ ಎಳೆದು ಪಂಗಡ ಮಾಡುವುದಿಲ್ಲ, ಪ್ರತಿಯೊಂದೂ ಹೆಚ್ಚು ಕಡಿಮೆ ಅಷ್ಟೇ. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಈ ಗುಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸಕ್ಕೆ ಸುಮಾರು ಅರ್ಧ ಕಾರಣ ಹುಟ್ಟಿನಿಂದ ಬಂದದ್ದು. ಮಿಕ್ಕದ್ದು ಬದುಕು ಕೊಟ್ಟದ್ದು. ವಯಸ್ಸಿನ ಜೊತೆ ಇವು ಬದಲಾಗುತ್ತವೆ ಕೂಡ. ಇಪ್ಪತ್ತರಿಂದ ನಲವತ್ತರ ನಡುವೆ ಹೆಚ್ಚಿನವರಲ್ಲಿ ಶಿಸ್ತು ಏರುತ್ತದೆ, ಕಳವಳ ಇಳಿಯುತ್ತದೆ.

ಇಷ್ಟಾದರೂ ಊರಲ್ಲಿ ಮೂಕಿ, ರೂಮಿನಲ್ಲಿ ವಾಚಾಳಿ ಆಗುವುದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ಇಲ್ಲಿ ನಿಮ್ಮದೇ ಪತ್ರದ ಒಂದು ಸಾಲಿಗೆ ಬರುತ್ತೇನೆ. ಅದನ್ನು ನೀವು ವಿಳಾಸದ ಹಾಗೆ ಬರೆದು ಮುಂದೆ ಹೋಗಿದ್ದೀರಿ: ‘ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪಿಯುಸಿಯಿಂದ ಇಂಗ್ಲಿಷ್.’ ಕುಂದಗೋಳ, ಹಾನಗಲ್ಲ, ಮುಂಡರಗಿ, ರೋಣ ಕಡೆಯಿಂದ ಬಂದು ‘ನಾನು ಇಂಟ್ರೋವರ್ಟ್ ಮೇಡಂ’ ಎಂದು ನನ್ನೆದುರು ಕೂತ ಮಕ್ಕಳನ್ನು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಕನ್ನಡದಲ್ಲಿ ಪಾಠ ನಡೆಯುತ್ತಿದ್ದಾಗ ಕ್ಲಾಸಿನಲ್ಲಿ ಕೈ ಎತ್ತುತ್ತಿದ್ದಿರಾ? ಅರ್ಧಕ್ಕಿಂತ ಹೆಚ್ಚು ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹೌದು, ಎತ್ತತಿದ್ದೆ’ ಅನ್ನುತ್ತಾರೆ. ಹದಿನಾರನೆಯ ವಯಸ್ಸಿನಲ್ಲಿ, ಒಂದು ಬೇಸಿಗೆ ರಜೆಯ ಅಂತರದಲ್ಲಿ, ವಿಜ್ಞಾನದ ಅಷ್ಟೂ ಪದಗಳು ಬದಲಾಗಿಬಿಟ್ಟವು. ದ್ಯುತಿಸಂಶ್ಲೇಷಣೆ ಗೊತ್ತಿದ್ದ ಹುಡುಗಿಗೆ ಫೋಟೋಸಿಂಥೆಸಿಸ್ ಎಂದು ಹೇಳಲು ನಾಲಿಗೆ ತಡವರಿಸಿತು, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಅಲ್ಲಿಂದ ಬಾಯಿ ಮುಚ್ಚಿತು. ಇದನ್ನು ಸ್ವಭಾವ ಎಂದು ಕರೆದರೆ ಮಗುವಿಗೆ ಅನ್ಯಾಯ ಮಾಡಿದ ಹಾಗೆ. ಊರಿನ ಮೌನ ಇದರಿಂದ ಬೇರೆ. ‘ದೊಡ್ಡವರ ಮುಂದ ಹೆಣ್ಣಮಕ್ಕಳು ಬಾಯಿ ಮಾಡಬಾರದು’ ಎಂಬ ಮಾತು ಕೇಳುತ್ತ ಬೆಳೆದವರ ಮೌನ ಕಲಿಸಿದ್ದು, ನೀವು ಅದನ್ನು ಚೆನ್ನಾಗಿ ಕಲಿತಿದ್ದೀರಿ, ಅಷ್ಟೇ.

ಹೀಗೆ ಸೋಸಿದ ಮೇಲೂ ನಿಮ್ಮಲ್ಲಿ ಒಂದಿಷ್ಟು ನಿಜವಾದ ಮೌನ ಉಳಿಯಬಹುದು. ಉಳಿಯಲಿ, ಅದರಿಂದ ಏನೂ ಕೆಡುವುದಿಲ್ಲ. ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1968ರಿಂದ ಒತ್ತಿ ಹೇಳುತ್ತ ಬಂದದ್ದು ಇದನ್ನೇ: ಒಬ್ಬರ ನಡವಳಿಕೆ ಸಂದರ್ಭದಿಂದ ಸಂದರ್ಭಕ್ಕೆ ಬದಲಾಗುತ್ತದೆ. ಆ ಬದಲಾವಣೆಗೇ ಒಂದು ನಿಯಮ ಇರುತ್ತದೆ ಎಂಬುದನ್ನು ಅವರು ಯೂಯಿಚಿ ಶೋಡಾ ಜೊತೆ ಸೇರಿ 1995ರಲ್ಲಿ ವಿವರಿಸಿದರು. ಇಂಥಲ್ಲಿ ಹೀಗಿರುತ್ತೇನೆ, ಅಂಥಲ್ಲಿ ಹಾಗಿರುತ್ತೇನೆ ಎಂಬ ಆ ವಿನ್ಯಾಸವೇ ನಿಮ್ಮ ಬೆರಳಚ್ಚು. ‘ಹೊಸಬರ ಗುಂಪಿನಲ್ಲಿ ಮೊದಲ ಎರಡು ವಾರ ಕೇಳುತ್ತೇನೆ, ಆಮೇಲೆ ಮಾತಾಡುತ್ತೇನೆ. ಚಿಕ್ಕವರಿಗೆ ಏನಾದರೂ ತೋರಿಸುವುದಿದ್ದರೆ ಮೊದಲ ನಿಮಿಷದಿಂದಲೇ ನನಗೆ ಮಾತು ಬರುತ್ತದೆ.’ ಇದು ಅರ್ಜಿಯಲ್ಲಿ ಬರೆಯಬಹುದಾದ ಸ್ವಭಾವ.

ನಂಬಿಕೆಗೆ ಬರೋಣ. ಇಲ್ಲಿ ನೀವು ಎರಡು ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಸೋಮವಾರದ ಒಪ್ಪತ್ತು ಬೇರೆ, ಹಿತ್ತಲಿನ ಲೋಟ ಬೇರೆ.

ದೇವರ ಬಗ್ಗೆ ಖಾತ್ರಿ ಇಲ್ಲದೆ ಒಪ್ಪತ್ತು ಮಾಡುವುದು ಮೋಸ ಎಂದು ನನಗೆ ಅನಿಸುವುದಿಲ್ಲ. ಅವ್ವನ ಜೊತೆ ಒಲೆ ಮುಂದೆ ಕೂತು ಸಂಜೆಯವರೆಗೆ ಕಾಯುವುದರಲ್ಲಿ ದೇವರೊಬ್ಬನೇ ಇರುವುದಿಲ್ಲ, ಅವ್ವನೂ ಇರುತ್ತಾಳೆ. ಅದರಿಂದ ಯಾರಿಗೂ ನೋವಿಲ್ಲ. ‘ನನಗೆ ಗೊತ್ತಿಲ್ಲ’ ಎನ್ನುವುದೂ ಒಂದು ನಿಲುವೇ, ಇಪ್ಪತ್ತೊಂದಕ್ಕೆ ಅದು ಪ್ರಾಮಾಣಿಕ ನಿಲುವು. ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಶಿಯಾ 1966ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಎರಡು ಪ್ರಶ್ನೆ ಇಟ್ಟುಕೊಂಡು ನೋಡಿದರು: ಇವರು ಹುಡುಕಿದ್ದಾರೆಯೇ? ಒಂದು ಕಡೆ ನಿಂತಿದ್ದಾರೆಯೇ? ಕೆಲವರು ಹುಡುಕಿ ನಿಂತಿದ್ದರು. ಕೆಲವರು ಹುಡುಕದೆಯೇ, ಮನೆಯವರು ನಿಲ್ಲಿಸಿದ ಕಡೆ ನಿಂತಿದ್ದರು. ಕೆಲವರು ಹುಡುಕುತ್ತಿದ್ದರು, ಇನ್ನು ಕೆಲವರಿಗೆ ಹುಡುಕುವ ಗೊಡವೆಯೇ ಇರಲಿಲ್ಲ. ‘ತಾವು ಯಾರು ಅಂತ ಗೊತ್ತಿದೆ’ ಎಂದು ನೀವು ಹೊಟ್ಟೆಕಿಚ್ಚು ಪಡುತ್ತಿರುವ ಗೆಳತಿಯರಲ್ಲಿ ಎರಡನೆಯ ಗುಂಪಿನವರೂ ಇರಬಹುದು. ಅದು ಕೀಳಲ್ಲ, ಅನೇಕರು ಹಾಗೆಯೇ ನೆಮ್ಮದಿಯಿಂದ ಬಾಳುತ್ತಾರೆ. ಆದರೆ ಅವರ ಖಾತ್ರಿಯನ್ನು ನಿಮ್ಮ ಹುಡುಕಾಟದ ಪಕ್ಕ ಇಟ್ಟು ತೂಗಬೇಡಿ. ಹುಡುಕುವವರಿಗೆ ಕಳವಳ ಹೆಚ್ಚು, ಅದು ಆ ದಾರಿಯ ಸುಂಕ.

ಲೋಟದ ವಿಷಯದಲ್ಲಿ ನಾನು ಹೀಗೆ ಸಮಾಧಾನ ಹೇಳಲಾರೆ. ಅಲ್ಲಿ ಮೂರನೆಯವರಿಗೆ ನೋವಾಗುತ್ತಿದೆ. ಅಸ್ಪೃಶ್ಯತೆಯ ಆಚರಣೆಯನ್ನು ಸಂವಿಧಾನದ 17ನೇ ವಿಧಿ ನಿಷೇಧಿಸಿದೆ, 1955ರ ಕಾನೂನು ಅದಕ್ಕೆ ಶಿಕ್ಷೆಯನ್ನೂ ಹೇಳಿದೆ, ಅದು ನಮ್ಮ ಹಿತ್ತಲಿಗೂ ಅನ್ವಯ. ನೀವು ಸುಮ್ಮನೆ ನಿಂತಿದ್ದಿರಿ, ಅದು ತಪ್ಪೇ. ಆದರೆ ಢೋಂಗಿಗಳಿಗೆ ಇದು ಒಂದು ತಿಂಗಳು ಕಾಡುವುದಿಲ್ಲ, ಐದು ಹಾಳೆ ಹರಿಯುವಷ್ಟಂತೂ ಕಾಡುವುದಿಲ್ಲ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ವಿವರಿಸಿದ್ದು ಈ ಕಾಟವನ್ನೇ: ನಂಬಿದ್ದು ಒಂದು, ಮಾಡಿದ್ದು ಒಂದು ಆದಾಗ ಮನಸ್ಸಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ, ಅದನ್ನು ಹೇಗಾದರೂ ತೆಗೆಯಲು ಮನಸ್ಸು ಹೆಣಗುತ್ತದೆ. ತೆಗೆಯಲು ಎರಡು ದಾರಿ. ಮಾಡುವುದನ್ನು ಬದಲಿಸಬೇಕು, ಇಲ್ಲವೇ ನಂಬಿದ್ದನ್ನು ಬಗ್ಗಿಸಬೇಕು. ಬಗ್ಗಿಸುವುದು ಬಹಳ ಸುಲಭ, ಅದೇ ಅಪಾಯ. ‘ಅಜ್ಜಿಗೆ ವಯಸ್ಸಾಗೇತಿ ಬಿಡು’ ಅಂತ ಸುರುವಾಗುತ್ತದೆ, ‘ಆಕೀನ ಏನೂ ಅನ್ನೂದಿಲ್ಲ, ನನಗ್ಯಾಕ’ ಅಂತ ಮುಂದುವರಿಯುತ್ತದೆ, ಹತ್ತು ವರ್ಷದ ಮೇಲೆ ನಿಮ್ಮ ಮನೆಯ ಹಿತ್ತಲಲ್ಲೂ ಒಂದು ಲೋಟ ಇರುತ್ತದೆ. ಜಾತಿ ನಂಬುವುದಿಲ್ಲ ಎಂದು ಹಾಸ್ಟೆಲ್‌ನಲ್ಲಿ ಹೇಳಿದ ಎಷ್ಟೋ ಒಳ್ಳೆಯ ಮಕ್ಕಳು ಹೀಗೆ ಹಿಂದಕ್ಕೆ ಹೋದದ್ದನ್ನು ನಾನು ಕಂಡಿದ್ದೇನೆ. ಆ ಕಾರಣಕ್ಕೆ ಈ ಮುಳ್ಳು ಈಗಲೇ ಮಾಯವಾಗದಿರಲಿ ಎಂದೇ ಬಯಸುತ್ತೇನೆ.

ಏನು ಮಾಡಬಹುದು? ಆಳುಗಳ ಎದುರಿಗೇ ಅಜ್ಜಿಯ ಜೊತೆ ಜಗಳಕ್ಕೆ ನಿಲ್ಲಬಹುದು. ಹಾಗೆ ಮಾಡಿದರೆ ‘ಧಾರವಾಡಕ್ಕ ಹೋಗಿ ಇಕೀಗೆ ಬಾಯಿ ಬಂತು’ ಎಂಬ ಮಾತು ನಿಮ್ಮ ಓದಿನ ಮೇಲೆ ತಿರುಗಬಹುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಜಗಳದ ಸಿಟ್ಟು ಆ ಹೆಣ್ಣುಮಗಳ ಮೇಲೆ ತೀರಬಹುದು, ಮರುದಿನ ಕೂಲಿಗೆ ಕರೆಯದೇ ಹೋಗಬಹುದು. ನಿಮ್ಮ ಸಿದ್ಧಾಂತಕ್ಕೆ ಆಕೆ ಪಗಾರ ಕಳೆದುಕೊಳ್ಳಬಾರದು. ಎರಡನೆಯ ದಾರಿ, ಚಹಾ ಹಾಕಿಕೊಡುವ ಕೆಲಸವನ್ನು ನೀವೇ ವಹಿಸಿಕೊಳ್ಳುವುದು. ಮನೆಯ ಸ್ಟೀಲ್ ಲೋಟಗಳಲ್ಲೇ ಎಲ್ಲರಿಗೂ ಹಾಕಿ, ನಿಮ್ಮದನ್ನೂ ಹಿಡಿದು ಅವರ ಜೊತೆ ಬದುವಿನ ಮೇಲೆ ಕೂತು ಕುಡಿದು, ಲೋಟಗಳನ್ನೆಲ್ಲ ನೀವೇ ಒಟ್ಟಿಗೆ ತೊಳೆದು ಇಡುವುದು. ಅಜ್ಜಿ ಮುನಿಸಿಕೊಳ್ಳಬಹುದು, ಒಂದೆರಡು ದಿನ ಆ ಲೋಟ ಮುಟ್ಟದಿರಬಹುದು. ಆ ಹೆಣ್ಣುಮಗಳೇ ‘ಬ್ಯಾಡವ್ವಾ, ನನಗ ನಿಮ್ಮ ಅಜ್ಜಿ ಬೈತಾರ’ ಎಂದು ಹಿಂಜರಿಯಬಹುದು. ಆದ್ದರಿಂದ ಮೊದಲು ಆಕೆಯನ್ನೇ ಕೇಳಿ. ಆಕೆಯ ಪರವಾಗಿ ನೀವೊಬ್ಬರೇ ತೀರ್ಮಾನ ಮಾಡುವುದೂ ಸರಿಯಲ್ಲ.

ಅಜ್ಜಿಯೊಂದಿಗೆ ಮಾತಾಡಲು ಹಾಸ್ಟೆಲ್ ಚರ್ಚೆಯ ಭಾಷೆ ಉಪಯೋಗಕ್ಕೆ ಬಾರದು. ಅವರ ಭಾಷೆಯಲ್ಲೇ ದಾರಿ ಇದೆ. ನಮ್ಮ ಕಡೆ ಭಜನೆಯಲ್ಲಿ ತಲೆದೂಗದ ಅಜ್ಜಿಯರು ಕಡಿಮೆ. ಶಿಶುನಾಳದ ಷರೀಫರನ್ನು ಗೋವಿಂದ ಭಟ್ಟರು ಶಿಷ್ಯನಾಗಿ ಸ್ವೀಕರಿಸಿದ ಕಥೆ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ಅವರ ಬಾಯಿಂದಲೇ ಹೇಳಿಸಿ, ಕೇಳಿ, ಆಮೇಲೆ ಲೋಟದ ಮಾತು ತೆಗೆಯಿರಿ. ಒಂದೇ ಸಲಕ್ಕೆ ಬದಲಾಗುತ್ತಾರೆಂದು ನಾನು ಹೇಳುವುದಿಲ್ಲ.

ಈಗ ಕನಸು. ಇಬ್ಬರಿಗೆ ಎರಡು ಉತ್ತರ ಕೊಟ್ಟಿದ್ದೀರಿ, ಅದರಿಂದ ನಿಮಗೆ ನಾಚಿಕೆ. ಸಂಶೋಧಕಿಯರಾದ ಹೇಝಲ್ ಮಾರ್ಕಸ್ ಮತ್ತು ಪೌಲಾ ನೂರಿಯಸ್ 1986ರಲ್ಲಿ ತೋರಿಸಿದ ಹಾಗೆ ಪ್ರತಿಯೊಬ್ಬರ ಮನಸ್ಸಿನಲ್ಲೂ ಮುಂದಿನ ‘ನಾನು’ ಹಲವರು ಇರುತ್ತಾರೆ: ಆಗಬೇಕೆಂದು ಆಸೆಪಡುವವಳು, ಆಗಬಹುದು ಅನಿಸುವವಳು, ಆಗಿಬಿಡುತ್ತೇನೇನೋ ಎಂದು ಹೆದರುವವಳು. ನಾನು ಕಂಡಂತೆ ಮಕ್ಕಳು ದಾರಿ ಆರಿಸುವಾಗ ಆಸೆಗಿಂತ ಹೆದರಿಕೆಯೇ ಮುಂದೆ ನಿಂತಿರುತ್ತದೆ. ನಿಮ್ಮ ಪತ್ರದಲ್ಲಿ ಆ ಹೆದರಿಕೆಗೆ ಗಡುವೂ ಇದೆ, ಎರಡು ವರ್ಷ. ಕೆಎಎಸ್ ಅಂದರೆ ಅಪ್ಪ ಮದುವೆ ಮುಂದೂಡುತ್ತಾರೆ ಎಂಬ ಲೆಕ್ಕ ಅದರಲ್ಲಿ ಸ್ವಲ್ಪವಾದರೂ ಇದೆಯೇ? ಇದ್ದರೆ ತಪ್ಪಿಲ್ಲ, ಅನೇಕ ಹೆಣ್ಣುಮಕ್ಕಳು ಸಪ್ತಾಪುರದ ಕೋಚಿಂಗ್ ಕ್ಲಾಸುಗಳಲ್ಲಿ ಕೂತಿರುವುದು ಈ ಲೆಕ್ಕದ ಮೇಲೆಯೇ. ಆದರೆ ಅದು ಉಸಿರಾಡಲು ತೆಗೆದುಕೊಂಡ ಸಮಯ, ಕನಸು ಬೇರೆ, ಎಂಬುದು ನಿಮಗೆ ಗೊತ್ತಿರಬೇಕು.

ಕೆಎಎಸ್ ದಾರಿಯ ವಾಸ್ತವ ಹೀಗಿದೆ. ಅಧಿಸೂಚನೆ ಪ್ರತಿವರ್ಷ ಬರುವುದಿಲ್ಲ. 2020ರಲ್ಲಿ 106 ಹುದ್ದೆಗೆ ಕರೆದರು, ಆಮೇಲೆ 2024ರಲ್ಲಿ 384 ಹುದ್ದೆಗೆ. ಆ ವರ್ಷದ ಆಗಸ್ಟ್‌ನಲ್ಲಿ ನಡೆದ ಪೂರ್ವಭಾವಿ ಪರೀಕ್ಷೆಯನ್ನು, ಕನ್ನಡ ಪ್ರಶ್ನೆಗಳ ಅನುವಾದದಲ್ಲಿ ತಪ್ಪುಗಳಿದ್ದ ಕಾರಣ, ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು. ನಿಮ್ಮ ಎರಡು ವರ್ಷದ ಗಡುವಿನೊಳಗೆ ಪರೀಕ್ಷೆಯೇ ಬಾರದೆ ಹೋಗಬಹುದು. ಈ ದಾರಿ ಹಿಡಿಯುವವರಿಗೆ ನಾನು ಹೇಳುವುದು ಎರಡೇ: ಮೊದಲ ದಿನವೇ ಕೊನೆಯ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ, ಜೊತೆಗೆ ಇನ್ನೊಂದು ಅರ್ಹತೆ ಕೈಯಲ್ಲಿರಲಿ. ಆರು ವರ್ಷ ರೂಮಿನಲ್ಲಿ ಓದಿ, ಮೂವತ್ತರ ಹತ್ತಿರ ಬಂದು, ‘ಬೇರೆ ಏನೂ ಬರೂದಿಲ್ಲ ಮೇಡಂ’ ಎಂದು ಅತ್ತ ಹಾವೇರಿ ಕಡೆಯ ಹುಡುಗನ ಮುಖ ನನ್ನ ಕಣ್ಣಮುಂದಿದೆ. ಬುದ್ಧಿಗೆ ಅವನಲ್ಲಿ ಏನೂ ಕೊರತೆ ಇರಲಿಲ್ಲ, ನಿಲ್ಲಿಸುವ ದಿನವನ್ನು ಯಾರೂ ಗೊತ್ತುಮಾಡಿರಲಿಲ್ಲ. ಎಂ.ಎಸ್ಸಿ. ಎರಡು ವರ್ಷ, ಆಮೇಲೆ ಕಾಲೇಜಿನಲ್ಲಿ ಕಲಿಸಲು ಕೆ-ಸೆಟ್ ಅಥವಾ ನೆಟ್ ಎಂಬ ಅರ್ಹತಾ ಪರೀಕ್ಷೆ. ಬಿ.ಇಡಿ. ಕೂಡ ಎರಡು ವರ್ಷ, ಆರರಿಂದ ಎಂಟನೆಯ ತರಗತಿಗೆ ಸರ್ಕಾರಿ ಶಿಕ್ಷಕಿ ಆಗಬೇಕಾದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾಗಬೇಕು, ನೇಮಕಾತಿಗೆ ಕಾಯಬೇಕು. ಫೆಲೋಶಿಪ್ ಸಿಕ್ಕರೆ ಕೈಯಲ್ಲಿ ಸ್ವಲ್ಪ ಹಣ, ಕೆಲಸದ ಅನುಭವ, ಆದರೆ ‘ಸರಕಾರಿ ಅಲ್ಲೇನು?’ ಎಂಬ ಪ್ರಶ್ನೆಯನ್ನು ಊರಿನ ಕಟ್ಟೆಯ ಮೇಲೆ ಅಪ್ಪ ಎದುರಿಸಬೇಕಾಗುತ್ತದೆ. ಆ ಪ್ರಶ್ನೆಗೆ ಅವರಿಗೊಂದು ಉತ್ತರವನ್ನು ನೀವು ಸಿದ್ಧಮಾಡಿ ಕೊಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಆರಿಸುವ ಮುನ್ನ ಒಂದು ಕೆಲಸ ಮಾಡಿ. ಕನಸು ಕಾಣುವಾಗ ನಾವು ಸಾಧಾರಣವಾಗಿ ಸನ್ಮಾನದ ದಿನವನ್ನು ಕಾಣುತ್ತೇವೆ: ಫಲಿತಾಂಶ ಬಂದ ದಿನ, ಊರವರು ಹಾರ ಹಾಕಿದ ದಿನ. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲೆ ಓಟಿಂಗೆನ್ ಜರ್ಮನಿಯಲ್ಲಿ ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದವರನ್ನು ಎರಡು ವರ್ಷ ಗಮನಿಸಿದರು. ಒಳ್ಳೆಯ ಕೆಲಸ ಸಿಕ್ಕ ಹಾಗೆ ಹೆಚ್ಚು ಹೆಚ್ಚು ಹಗಲುಗನಸು ಕಂಡವರಿಗೇ ಕೆಲಸದ ಕರೆ ಕಡಿಮೆ ಬಂದಿದ್ದವು, ಸಂಬಳವೂ ಕಡಿಮೆ ಇತ್ತು. ಸಿಕ್ಕಿಯೇ ಬಿಟ್ಟಿತು ಎಂದು ಮನಸ್ಸು ಮೈಮರೆಯುತ್ತದೆ. ಆದ್ದರಿಂದ ಹಾರದ ದಿನ ಬಿಟ್ಟು ಒಂದು ಸಾದಾ ದಿನವನ್ನು ನೋಡಿ. ನಿಮಗೆ ಇಪ್ಪತ್ತೆಂಟು ವರ್ಷ, ಜುಲೈ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ತಾಲ್ಲೂಕು ಕಚೇರಿಯಲ್ಲಿ ಕಡತ ನೋಡುತ್ತಿದ್ದೀರಾ, ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದೀರಾ, ನಲವತ್ತು ಮಕ್ಕಳ ಗದ್ದಲದ ನಡುವೆ ನಿಂತಿದ್ದೀರಾ? ಯಾವ ಗುರುವಾರ ನಿಮಗೆ ಬೇಸರ ತರುವುದಿಲ್ಲ? ಊಹಿಸಿ ಬಿಡುವುದಕ್ಕಿಂತ ಹೋಗಿ ನೋಡುವುದು ಇನ್ನೂ ಒಳ್ಳೆಯದು. ಶನಿವಾರ ಮುಂಜಾನೆ ಶಾಲೆ ಇರುತ್ತದೆ. ಊರಿಗೆ ಹೋದಾಗ ನಿಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರನ್ನು ಕೇಳಿಕೊಂಡು ಎಂಟನೆಯವರಿಗೆ ಒಂದು ಪೀರಿಯಡ್ ತೆಗೆದುಕೊಳ್ಳಿ. ಕಪಾಟಿನ ಕೀಲಿ ಯಾರ ಹತ್ತಿರ ಇದೆ ಎಂದೂ ಕೇಳಿ.

ದಾಸವಾಳಕ್ಕೆ ಬರುವುದಕ್ಕೇ ಇಷ್ಟು ದೂರ ನಡೆದೆ. ‘ಅಷ್ಟೇ ನನಗೆ ಬರುವುದು’ ಎಂದು ನೀವು ಕೈಬಿಟ್ಟ ಆ ಸಾಲಿನಲ್ಲಿ ಅರ್ಜಿಯವರು ಕೇಳಿದ ಮೂರಕ್ಕೂ ಉತ್ತರ ಇದೆ. ರಜೆಯಲ್ಲಿ ಯಾರೂ ಹೇಳದೆ, ಯಾರೂ ಪಗಾರ ಕೊಡದೆ ನಾಲ್ಕು ಹುಡುಗರನ್ನು ಕೂಡಿಸಿಕೊಂಡಿರಿ. ಲಿಟ್ಮಸ್ ಇಲ್ಲ ಎಂದು ಕೈಕಟ್ಟಿ ಕೂರದೆ ಹಿತ್ತಲಿನ ಹೂವು ಅರೆದಿರಿ. ಸುಣ್ಣದ ನೀರು ಬಿದ್ದಾಗ ಹಸಿರು, ಲಿಂಬಿರಸ ಬಿದ್ದಾಗ ಗುಲಾಬಿ, ಅದನ್ನು ಕಂಡು ಹುಡುಗರು ಕೂಗಿದಾಗ ಗುಮ್ಮನಗುಸುಕಿ ಎಲ್ಲಿದ್ದಳು? ಕೀಲಿ ಹಾಕಿದ ಕಪಾಟು ನಿಮಗೆ ಇವತ್ತಿಗೂ ನೆನಪಿದೆ ಎಂದರೆ, ಕಲಿಕೆ ಯಾರ ಕೈಗೂ ಎಟುಕದ ಹಾಗೆ ಮುಚ್ಚಿಡಬಾರದು ಎಂದು ನೀವು ನಂಬುತ್ತೀರಿ. ಹಿತ್ತಲಿನ ಲೋಟ ಕಾಡುತ್ತಿರುವುದೂ ಅದೇ ಕಾರಣಕ್ಕೆ ಇರಬಹುದು, ನೀವೇ ಯೋಚಿಸಿ ನೋಡಿ.

ಬರೆಯುವಾಗ ಗುಣವಾಚಕಗಳನ್ನು ಬಿಟ್ಟು ನಡೆದದ್ದನ್ನು ಬರೆಯಿರಿ. ದಾಸವಾಳದ ಮಧ್ಯಾಹ್ನಕ್ಕೆ 200 ಪದ ಕೊಡಿ. ಪಿಯುಸಿಯಲ್ಲಿ ಮಾತು ನಿಂತದ್ದು, ಅದು ಎಲ್ಲಿ ಮತ್ತೆ ಬರುತ್ತದೆ ಎಂಬುದನ್ನು ಬರೆಯಿರಿ. ಲೋಟದ ಘಟನೆ ಬರೆಯಬೇಕೇ ಬೇಡವೇ ಎಂಬುದು ನಿಮ್ಮ ಇಷ್ಟ. ಬರೆದರೆ ಸುಮ್ಮನೆ ನಿಂತದ್ದನ್ನೂ ಬರೆಯಿರಿ, ಅಜ್ಜಿಯನ್ನು ಖಳನಾಯಕಿ ಮಾಡಬೇಡಿ. ಕನಸಿನ ಭಾಗದಲ್ಲಿ ಎರಡು ದಾರಿ ನೋಡುತ್ತಿದ್ದೇನೆ, ಇಂಥದ್ದನ್ನು ತಿಳಿದುಕೊಳ್ಳಲು ಈ ಫೆಲೋಶಿಪ್ ಬೇಕು ಎಂದು ನೇರವಾಗಿ ಹೇಳಬಹುದು. ಖಚಿತ ಗುರಿ ಇದ್ದವರನ್ನೇ ಆರಿಸುವ ಸಂಸ್ಥೆಗಳೂ ಇವೆ, ಇದರಿಂದ ಅವಕಾಶ ತಪ್ಪುವ ಸಾಧ್ಯತೆಯನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇಲ್ಲದ ಖಚಿತತೆಯನ್ನು ಬರೆದು ಸಂದರ್ಶನದಲ್ಲಿ ತಡವರಿಸುವುದು ಅದಕ್ಕಿಂತ ಕಷ್ಟ. ಮೊದಲ ಕರಡನ್ನು ಕನ್ನಡದಲ್ಲಿ ಬರೆಯಿರಿ. ಅರ್ಜಿ ಇಂಗ್ಲಿಷ್‌ನಲ್ಲಿದ್ದರೆ ಆಮೇಲೆ ತಿರುಗಿಸಿಕೊಳ್ಳಿ, ರೂಮಿನ ಗೆಳತಿಗೆ ಓದಿ ಹೇಳಿ, ‘ಇದು ನಾನೇನು?’ ಎಂದು ಕೇಳಿ. ಅವಳು ನಿಮ್ಮನ್ನು ರಾತ್ರಿ ಒಂದರವರೆಗೆ ಕೇಳಿಸಿಕೊಂಡವಳು.

ಬರೆದದ್ದರ ಕೆಳಗೆ ತಾರೀಖು ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 18ರಿಂದ 68 ವಯಸ್ಸಿನ 19,000ಕ್ಕೂ ಹೆಚ್ಚು ಜನರನ್ನು ಕೇಳಿದರು. ಹಿಂದಿನ ಹತ್ತು ವರ್ಷದಲ್ಲಿ ಬಹಳ ಬದಲಾದೆವು ಎಂದು ಎಲ್ಲ ವಯಸ್ಸಿನವರೂ ಒಪ್ಪಿದರು, ಮುಂದಿನ ಹತ್ತು ವರ್ಷದಲ್ಲಿ ಅಷ್ಟು ಬದಲಾಗಲಾರೆವು ಎಂದೂ ಎಲ್ಲ ವಯಸ್ಸಿನವರೂ ಹೇಳಿದರು. ಈ ಹಾಳೆಯನ್ನು ನೀವು ಮತ್ತೆ ಬರೆಯಬೇಕಾಗುತ್ತದೆ, ಅದಕ್ಕೆ ಈಗಲೇ ಪೂರ್ತಿ ಸರಿಯಾಗಬೇಕಿಲ್ಲ.

ಮಾಗಿ ಕಳೆದು ಕಡಲೆ ಕೀಳುವ ಹೊತ್ತಿಗೆ ಊರಿಗೆ ಹೋಗುತ್ತೀರಲ್ಲ ತಂಗಿ, ಆಗ ಹೊಲಕ್ಕೆ ಚಹಾ ನೀವೇ ಒಯ್ಯಿರಿ. ಏನಾಯಿತೆಂದು ನನಗೆ ಬರೆಯಿರಿ.